ಅಪ್ಪನ ಜೊತೆ ಹಳೇ ಪಿ.ಬಿ. ರೋಡಲ್ಲಿ ಪುಣೆಗೆ: ಎಲ್ಲೆಲ್ಲಿ ಹೈವೇ ಬಿಟ್ಟು ಇಳಿಯಬೇಕು?

ಯಶವಂತಪುರ ಮಂಜ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಲಾರಿ ಡ್ರೈವರ್ ಆಗಿದ್ದವರು. ಎಪ್ಪತ್ತರ ದಶಕದ ಕೊನೆಯಿಂದ ಬೆಂಗಳೂರು-ಪುಣೆ ಲೈನಲ್ಲೇ ಓಡಿಸಿದವರು. ಯಶವಂತಪುರದಲ್ಲಿ ಲೋಡು ಹಾಕಿಸಿಕೊಂಡು ಹೊರಟರೆ ವಾಪಸ್ ಯಾವಾಗ ಅಂತ ಅಮ್ಮನಿಗೂ ಗೊತ್ತಿರುತ್ತಿರಲಿಲ್ಲ. ಈಗ ವಯಸ್ಸು 74. ಶುಗರ್ ಇದೆ, ಮಂಡಿನೋವಿದೆ. ಬಾಯಿ ಮಾತ್ರ ಗಟ್ಟಿಯಾಗಿದೆ.

ಈಚೆಗೆ ಒಂದು ಮದುವೆಗೆ ದಾವಣಗೆರೆಗೆ ಹೊರಟಿದ್ದೆವು. ಹಿರಿಯೂರು ಹತ್ತಿರ ಬಂದಾಗ "ಶಿರಾ ಯಾವಾಗ ಬರುತ್ತೋ?" ಅಂದರು. ಆಗಲೇ ದಾಟಿ ಆಯ್ತಪ್ಪ ಅಂದೆ. ನಂಬಲೇ ಇಲ್ಲ. "ಊರು ನೋಡದೆ ಹೆಂಗೆ ದಾಟ್ತೀಯ?" ಅಂತ ನನ್ನನ್ನೇ ಬೈದರು.

ಅದಕ್ಕೇ ಈಗ ಅವರನ್ನು ಕರೆದುಕೊಂಡು ಪುಣೆವರೆಗೆ ಹೋಗಬೇಕು ಅಂತಿದ್ದೇನೆ. ಹೆಚ್ಚುಕಮ್ಮಿ 840 ಕಿ.ಮೀ. ಅವಸರ ಇಲ್ಲ. ಅವರು ಓಡಿಸಿದ ರಸ್ತೆ ಎಲ್ಲೆಲ್ಲಿ ಉಳಿದಿದೆ? ಪ್ರತಿ ಊರಿಗೂ ಇಳಿಯುವುದು ಆಗದ ಮಾತು, ಯಾವುದನ್ನು ಬಿಡಬಾರದು ಹೇಳಿ. ಇನ್ನೊಂದು ವಿಷಯ, ಸ್ವಲ್ಪ ದೂರ ತಾವೇ ಓಡಿಸುತ್ತೇನೆ ಅಂತ ಹಟ ಹಿಡಿದಿದ್ದಾರೆ. ಕೊಡಬಹುದಾ?

ರಾಣೆಬೆನ್ನೂರಿನವಳು

ಖಂಡಿತ ಹೋಗಿ. ನಾನು ನಮ್ಮ ಅಪ್ಪಾಜಿಯನ್ನು ಕೂರಿಸಿಕೊಂಡು ದಾವಣಗೆರೆಯಿಂದ ಕೊಲ್ಹಾಪುರದವರೆಗೆ ಹೋಗಿ ಬಂದಿದ್ದೇನೆ. ಅವರೂ ಲಾರಿಯವರೇ. ಬ್ಯಾಡಗಿ ಮೆಣಸಿನಕಾಯಿ ಲೋಡೇ ಜಾಸ್ತಿ.

ನಿಮ್ಮಪ್ಪ ಬೈದಿದ್ದು ಸರಿಯಾಗೇ ಇದೆ. ಅವರ ಕಾಲದ ನ್ಯಾಷನಲ್ ಹೈವೇ 4 ಊರಿನ ಎದೆಯ ಮೇಲೇ ಹಾದುಹೋಗುತ್ತಿತ್ತು. ಸುವರ್ಣ ಚತುಷ್ಪಥದ (ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಾ ಜೋಡಿಸುವ ದೊಡ್ಡ ಹೈವೇ) ಕೆಲಸ ಬಂದಮೇಲೆ ಒಂದೊಂದೇ ಊರು ಪಕ್ಕಕ್ಕೆ ಸರಿಯಿತು. 2010ರಲ್ಲಿ ನಂಬರೂ ಹೋಗಿ 48 ಆಯಿತು. ಆದರೆ ಹಳೇ ರಸ್ತೆ ಎಲ್ಲೂ ಹೋಗಿಲ್ಲ. ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಯಾವ ಊರಿಗೆ ಇಳಿದರೂ ಅಂಗಡಿ ಬೋರ್ಡಿನ ಮೇಲೆ "ಪಿ.ಬಿ. ರೋಡ್" ಅಂತ ಇರುತ್ತದೆ. ಪೂನಾ-ಬೆಂಗಳೂರು ರೋಡು. ಆ ಬೋರ್ಡು ಹಿಡಿದು ಹೋದರೆ ಸಾಕು, ಮ್ಯಾಪ್ ಬೇಡ. ತುಮಕೂರಲ್ಲಿ ಮಾತ್ರ ಹುಡುಕಬೇಡಿ. ಅಲ್ಲಿನವರಿಗೆ ಅದು ಬಿ.ಎಚ್. ರೋಡ್, ಬೆಂಗಳೂರು-ಹೊನ್ನಾವರದ ಲೆಕ್ಕ.

ಬಿಡಬಾರದ್ದು ಹರಿಹರ. ಬೈಪಾಸಲ್ಲಿ ಹೋದರೆ ಹೊಳೆ ದಾಟಿದ್ದೇ ಗೊತ್ತಾಗುವುದಿಲ್ಲ. ಊರೊಳಗೆ ಬನ್ನಿ. ತುಂಗಭದ್ರೆಗೆ 1868ರಲ್ಲಿ ಕಟ್ಟಿ ಮುಗಿಸಿದ ಕಮಾನಿನ ಸೇತುವೆ ಇದೆ. 1956ರವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, ಅದನ್ನೂ ತೋರಿಸೋಣ ಅಂತ ನಾನು ಎರಡು ಗಂಟೆ ಇಟ್ಟುಕೊಂಡಿದ್ದೆ. ಅಪ್ಪಾಜಿ ದೇವರಿಗೆ ಕೈಮುಗಿದು ಐದೇ ನಿಮಿಷಕ್ಕೆ ಈಚೆ ಬಂದರು. ಸೇತುವೆ ಹತ್ತಿರ ಮಾತ್ರ ಹೊರಡುವ ಮಾತೇ ಇಲ್ಲ. ಎದುರಿಂದ ಲಾರಿ ಬಂದರೆ ಕ್ಲೀನರ್ ಹೇಗೆ ಡೋರಿಗೆ ನೇತಾಡಿಕೊಂಡು ತಗಡು ಬಡಿಯುತ್ತಾ "ಬರ್ಲಿ ಬರ್ಲಿ ಬರ್ಲಿ" ಅನ್ನಬೇಕಿತ್ತು ಅಂತ ರಸ್ತೆ ಪಕ್ಕ ನಿಂತು ಮಾಡಿ ತೋರಿಸಿದರು. "ಬಡಿಯೋದು ನಿಂತರೆ ಬ್ರೇಕ್ ಒತ್ತಬೇಕು. ಕೂಗಿದ್ದು ಇಂಜಿನ್ ಸದ್ದಿಗೆ ಕೇಳ್ತಿರಲಿಲ್ಲ" ಅಂದರು. ಅಷ್ಟು ವರ್ಷ ಮನೆಯಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ ಬಿಡಿ.

ಹಾಗಾಗಿ ನೋಡುವ ಜಾಗದ ಪಟ್ಟಿ ಹಿಡಿದು ಹೊರಡಬೇಡಿ. ಚಿತ್ರದುರ್ಗದ ಕೋಟೆಗೆ ಮಂಡಿನೋವಿನವರನ್ನು ಹತ್ತಿಸುವ ಸಾಹಸವೂ ಬೇಡ. ಅವರು "ಇಲ್ಲಿ ನಿಲ್ಸು" ಅಂದಲ್ಲಿ ನಿಲ್ಲಿಸಿ. ಅದು ಪಂಚರ್ ಅಂಗಡಿ ಆಗಿರಬಹುದು, ಲಾರಿ ತೂಕ ಹಾಕುವ ವೇಬ್ರಿಡ್ಜ್ ಆಗಿರಬಹುದು. ಮೋಟೆಬೆನ್ನೂರಲ್ಲಿ ಅಪ್ಪಾಜಿ ಒಂದು ಬೇವಿನ ಮರ ಹುಡುಕಿದರು. ಮರ ಇರಲಿಲ್ಲ, ಸರ್ವಿಸ್ ರೋಡ್ ಇತ್ತು. ಬೈದು ಮತ್ತೆ ಕಾರು ಹತ್ತಿದರು.

ಕರ್ನಾಟಕದ ಕೊನೆಗೆ, ನಿಪ್ಪಾಣಿಗೆ ಮುಂಚೆ, ತವಂದಿ ಘಾಟ್ ಬರುತ್ತದೆ. ಈಗ ಅದು ಅಗಲವಾದ ರಸ್ತೆ. ನಾನು ಆರಾಮಾಗಿ ಇಳಿಸುತ್ತಿದ್ದೆ. ಪಕ್ಕದಲ್ಲಿ ಅಪ್ಪಾಜಿಯ ಬಲಗಾಲು ಮ್ಯಾಟ್ ಮೇಲೆ ಒತ್ತುತ್ತಲೇ ಇತ್ತು. "ಹತ್ತಿದ ಗೇರಲ್ಲೇ ಇಳಿಬೇಕು. ನ್ಯೂಟ್ರಲ್‌ಗೆ ಹಾಕಿದವನು ಮನೆಗೆ ಹೋಗಲ್ಲ." ನಂದು ಆಟೋಮ್ಯಾಟಿಕ್ ಕಾರು. ಹೇಳಲಿಲ್ಲ, ಹೂಂ ಅಂದೆ.

ಓಡಿಸಲು ಕೊಡುವ ಮುಂಚೆ ಲೈಸೆನ್ಸ್ ತಾರೀಕು ನೋಡಿ. 55 ದಾಟಿದವರಿಗೆ ಐದೈದು ವರ್ಷಕ್ಕೆ ರಿನ್ಯೂವಲ್. ಅವಧಿ ಮುಗಿದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು. ಜೊತೆಗೆ ಶುಗರ್‌ನವರು, ಕಣ್ಣು ತೋರಿಸಿ. ಎಲ್ಲ ಸರಿ ಇದ್ದರೆ ಬೆಳಿಗ್ಗೆ ಹೊತ್ತು, ಹೈವೇ ಬಿಟ್ಟ ಕಡೆ, ಸ್ವಲ್ಪ ದೂರ ಕೊಡಿ. ಇಲ್ಲದಿದ್ದರೆ ಬೇಡವೇ ಬೇಡ, ಬೈದರೆ ಬೈಸಿಕೊಳ್ಳಿ.

ಸುಮ್ನೆ ಒಬ್ಬ

ಊರೊಳಗೆ ಹೋದರೆ ಆಟೋ, ಹಂಪು, ಸಿಗ್ನಲ್ಲು. ಹಳೇ ರಸ್ತೆ ಅಂತ ಪೆಟ್ರೋಲ್ ಸುಡುವ ಬದಲು ಸೀದಾ ಹೋಗಿ ಪುಣೆಯಲ್ಲಿ ಎರಡು ದಿನ ಜಾಸ್ತಿ ಇರಿ.

ಧಾರವಾಡ ಲೈನ್ ಬಜಾರ್

ಮೇಲಿನವರ ಮಾತು ಬಿಡ್ರಿ ಮಂಜಣ್ಣ. ಹುಬ್ಬಳ್ಳಿ-ಧಾರವಾಡದ ಮಟ್ಟಿಗಂತೂ ಊರೊಳಗೇ ಬರ್ರಿ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ವರ್ಷಾನುಗಟ್ಟಲೆ ಎರಡೇ ಲೇನ್ ಇದ್ದು ಎಷ್ಟೋ ಜೀವ ತೆಗೆದ ರಸ್ತೆ. 2021ರ ಸಂಕ್ರಾಂತಿ ಮರುದಿನ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಇಟಿಗಟ್ಟಿ ಹತ್ತಿರ ಅಪಘಾತದಲ್ಲಿ ಹೋಗಿಬಿಟ್ಟಿದ್ದು ಇಲ್ಲಿ ಯಾರೂ ಮರೆತಿಲ್ಲ.

ಹಳೇ ಪಿ.ಬಿ. ರೋಡ್ ಚೆನ್ನಮ್ಮ ಸರ್ಕಲ್, ಉಣಕಲ್ ಕೆರೆ, ನವನಗರ ದಾಟಿ ಧಾರವಾಡದ ಜುಬಿಲಿ ಸರ್ಕಲ್‌ಗೆ ಬರುತ್ತದೆ. ನಡುವಿನ ಲೇನ್ ಚಿಗರಿ ಅನ್ನೋ ಬಿಆರ್‌ಟಿಎಸ್ ಸಿಟಿ ಬಸ್ಸಿನದ್ದು, ಅದರೊಳಗೆ ಕಾರು ಹಾಕಬೇಡ್ರಿ. ಉಣಕಲ್ ಕೆರೆ ದಂಡೆ ಮೇಲೆ ಹಿರಿಯರಿಗೆ ಕೂರಲು ಜಾಗ ಐತಿ. ಪೇಡೆ ನಿಮಗೆ ತಗೊಳ್ರಿ, ಅಪ್ಪಾರಿಗೆ ಒಂದು ಚೂರು ಮುರಿದು ಕೊಡ್ರಿ. ಶುಗರ್ ಇದ್ರೂ ಧಾರವಾಡಕ್ಕೆ ಬಂದು ಬರಿಗೈಲಿ ಕಳಿಸೋದು ನಮ್ಮಲ್ಲಿ ಇಲ್ಲ.

ಮುಂದೆ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ನದಿಯೊಳಗೆ ಬಸವಣ್ಣನವರ ಹೆಂಡತಿ ಗಂಗಾಂಬಿಕೆಯ ಐಕ್ಯ ಮಂಟಪ ಇದೆ. ರಸ್ತೆಗೆ ಹತ್ತಿರ, ಜಾಸ್ತಿ ಸುತ್ತು ಬೀಳುವುದಿಲ್ಲ.

ಪುಣೆ ಕನ್ನಡಿಗ

ಮಹಾರಾಷ್ಟ್ರದ ಕಡೆಯದು ನಾನು ಹೇಳುತ್ತೇನೆ. ಸಾತಾರಾ ದಾಟಿದ ಮೇಲೆ ಖಂಬಾಟ್ಕಿ. ನಿಮ್ಮಪ್ಪ ಆ ಘಾಟ್ ಬಗ್ಗೆ ಹೇಳಿಯೇ ಇರುತ್ತಾರೆ. ಆದರೆ ಪುಣೆ ಕಡೆ ಬರುವವರನ್ನು ಸುರಂಗದೊಳಗೆ ಬಿಡುತ್ತಾರೆ. ಹಳೇ ಘಾಟ್ ಹತ್ತುವುದು ಪುಣೆಯಿಂದ ಸಾತಾರಾ ಕಡೆ ಹೋಗುವವರು. ಅಂದರೆ ನಿಮಗೆ ಅದು ಸಿಗುವುದು ವಾಪಸ್ ಬರುವಾಗ. ಹೊಸ ಜೋಡಿ ಸುರಂಗದ ಕೆಲಸವೂ ಅಲ್ಲಿ ಹಿಡಿದಿದ್ದರು, ಅದು ತೆರೆದಿದ್ದರೆ ಈ ದಾರಿ ಬದಲಾಗಿರಬಹುದು. ಸುರಂಗ ಮುಗಿದ ತಕ್ಷಣ ಇಳಿಜಾರಲ್ಲಿ ಎಸ್ ಆಕಾರದ ತಿರುವಿದೆ, ಅಲ್ಲಿ ಸ್ಪೀಡ್ ಬೇಡ.

ಕೊನೆಗೆ ಕಾತ್ರಜ್. ಹೈವೇ ಹೊಸ ಸುರಂಗದಲ್ಲಿ ಹೋಗಿ ಪುಣೆಯ ಹೊರಗಿನಿಂದ ಸುತ್ತುತ್ತದೆ. ನೀವು ಶಿಂದೇವಾಡಿ ಹತ್ತಿರ ಬಿಟ್ಟು ಹಳೇ ಕಾತ್ರಜ್ ಘಾಟ್ ಹಿಡಿಯಿರಿ. ಚಿಕ್ಕ ಹಳೇ ಸುರಂಗ ದಾಟಿದರೆ ಊರು ಕೆಳಗೆ ಕಾಣುತ್ತದೆ. ಸಂಜೆ ಐದರ ಮೇಲೆ ಹೋಗಬೇಡಿ, ಟ್ರಾಫಿಕ್ ಜಾಸ್ತಿ.

ಯಶವಂತಪುರ ಮಂಜ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಲೈಸೆನ್ಸ್ ಬೀರುವಿನಿಂದ ತೆಗೆಸಿ ನೋಡಿದೆ, ಅವಧಿ ಮುಗಿದು ಎಷ್ಟೋ ವರ್ಷ ಆಗಿದೆ. ಹಾಗಾಗಿ ಸ್ಟೇರಿಂಗ್ ಮಾತು ಅಲ್ಲಿಗೆ ಮುಗಿಯಿತು. ಒಂದು ದಿನ ಮಾತು ಬಿಟ್ಟಿದ್ದರು, ಈಗ ಸರಿಯಾಗಿದ್ದಾರೆ.

ರಾಣೆಬೆನ್ನೂರಿನ ಅಕ್ಕ, ನಿಮ್ಮ ಅಪ್ಪಾಜಿ ಯಾವ ಗಾಡಿ ಓಡಿಸುತ್ತಿದ್ದರು ಅಂತ ಕೇಳು ಅಂದರು. ಟಾಟಾ 1210 ಆಗಿದ್ದರೆ ಅವರ ಮಾತನ್ನೆಲ್ಲ ಒಪ್ಪುತ್ತಾರಂತೆ. ಲೇಲ್ಯಾಂಡ್ ಆಗಿದ್ದರೆ ಘಾಟ್ ಬಗ್ಗೆ ಅವರ ಜೊತೆ ಸ್ವಲ್ಪ ಮಾತಾಡುವುದಿದೆಯಂತೆ.

ರಾಣೆಬೆನ್ನೂರಿನವಳು

ಲೇಲ್ಯಾಂಡ್ ಕಾಮೆಟ್. ರಾಣೆಬೆನ್ನೂರಲ್ಲಿ ಊಟಕ್ಕೆ ನಿಲ್ಲಿಸಿ, ಇಬ್ಬರನ್ನೂ ಎದುರುಬದುರು ಕೂರಿಸೋಣ.