ಸಮುರಾಯ್ ಆನಿಮೆಯಲ್ಲಿ ಕೊಲ್ಲಲೊಲ್ಲದ ನಾಯಕ: ಸವಕಲು ಸೂತ್ರವೇ?

ನಡುರಾತ್ರಿ: ಆನಿಮೆಯಲ್ಲಿ, ಅಂದರೆ ಜಪಾನಿನ ಆನಿಮೇಷನ್‌ನಲ್ಲಿ, ಒಬ್ಬನೇ ನಾಯಕ ಹೆಸರು ಬದಲಿಸಿಕೊಂಡು ಬರ್ತಿದ್ದಾನೆ. ಹಿಂದೆ ಕೊಲೆಗಾರ, ಈಗ ಒಡೆಯನಿಲ್ಲದ ಅಲೆಮಾರಿ ರೋನಿನ್, ಇನ್ನು ಕೊಲ್ಲಲ್ಲ ಅಂತ ಶಪಥ, ಜೊತೆಗೊಂದು ಮಗು ಇಲ್ಲವೇ ಹುಡುಗಿ. 'ರುರೌನಿ ಕೆನ್ಶಿನ್' ಸರಣಿ ನೋಡಿದವರಿಗೆ 2007ರ 'ಸ್ವೋರ್ಡ್ ಆಫ್ ದಿ ಸ್ಟ್ರೇಂಜರ್' ಚಿತ್ರದ ಕಥೆ ಮೊದಲೇ ಗೊತ್ತಾಗಿಬಿಡುತ್ತೆ. ಇದು ಬರಹಗಾರರ ಸೋಮಾರಿತನ.

ಕಪ್ಪುಬಿಳುಪು: ಶಪಥ ಒಂದೇ, ಕೆಲಸ ಬೇರೆ. ಕೆನ್ಶಿನ್‌ನ ತಿರುಗುಮುರುಗು ಕತ್ತಿ ಸಕಬಾತೋದಲ್ಲಿ ಅಲಗು ಬಾಗಿನ ಒಳಬದಿಗಿದೆ. ಮಾಮೂಲಿಯಾಗಿ ಬೀಸಿದರೆ ತಾಗೋದು ಮೊಂಡು ಬದಿ. ಹಾಗಾಗಿ ಅವನು ಪ್ರತಿ ಕಂತಿನಲ್ಲೂ ಹೊಡೆದಾಡಬಹುದು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಸರಣಿಗೆ ಅದು ಬೇಕೇ ಬೇಕು. 'ಸ್ಟ್ರೇಂಜರ್' ನಾಯಕ ನನಾಶಿಯ ಕತ್ತಿಯನ್ನು ಒರೆಗೆ ದಾರದಿಂದ ಬಿಗಿದಿದೆ. ಒರೆಯ ಸಮೇತವೇ ಹೊಡೆಯಬೇಕು. ಆ ದಾರ ಬಿಚ್ಚೋದು ಒಂದೇ ಸಲ, ಆ ಗಳಿಗೆಗಾಗಿಯೇ ಇಡೀ ಚಿತ್ರ ಕಟ್ಟಿದ್ದಾರೆ. ಇವೆರಡನ್ನು ಅದಲುಬದಲು ಮಾಡಿ ನೋಡಿ, ಎರಡೂ ಕುಸಿಯುತ್ತವೆ.

ಸಹ್ಯಾದ್ರಿ: ಕಾಲವನ್ನೂ ಸೇರಿಸಿ. ಕೆನ್ಶಿನ್ ಕಥೆ ಶುರುವಾಗೋದು 1878ರಲ್ಲಿ. ಕತ್ತಿ ಧರಿಸಿ ಓಡಾಡಬಾರದು ಅನ್ನೋ ಹೈತೋರೆಯ್ ಆಜ್ಞೆ ಬಂದದ್ದು 1876ರಲ್ಲಿ. ಸೊಂಟದಲ್ಲಿ ಕತ್ತಿ ಕಂಡರೇ ಪೊಲೀಸರು ಬೆನ್ನು ಹತ್ತುತ್ತಾರೆ. ಎದುರಾಳಿ ಸೈತೋ ಅದೇ ಪೊಲೀಸ್ ಸಮವಸ್ತ್ರದಲ್ಲಿರೋ ಹಳೇ ಶಿನ್‌ಸೆನ್‌ಗುಮಿ (ಹಿಂದಿನ ಶೋಗನ್ ಆಳ್ವಿಕೆಯ ಪರ ಕತ್ತಿಪಡೆ) ಯೋಧ. ಅವನಿಗೆ ಬೇಕಿರೋದು ಹಳೇ ಕೊಲೆಗಾರ, ಈಗಿನ ಅಲೆಮಾರಿಯಲ್ಲ. ಈ ಹಿನ್ನೆಲೆ ಬಿಟ್ಟು ಬರೀ ಶಪಥ ಎತ್ತಿಕೊಂಡರೆ ನೀವು ಹೇಳೋ ಸವಕಲುತನ ಬರೋದು ನಿಜ.

ನಡುರಾತ್ರಿ: ಸರಿ, ಆದರೆ ಇಬ್ಬರೂ ಎದುರುಬದುರು ಓಡಿ, ದಾಟಿ, ನಿಂತು, ಎರಡು ಸೆಕೆಂಡ್ ಆದಮೇಲೆ ಒಬ್ಬ ಬೀಳೋದು? ಅದು ದುಡ್ಡುಳಿಸೋ ಉಪಾಯ ತಾನೇ?

ಕಪ್ಪುಬಿಳುಪು: ಉಳಿತಾಯ ಇದೆ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದರೂ 8 ಚಿತ್ರ ಬೇಕು. ಎರಡು ಸೆಕೆಂಡ್ ನಿಲ್ಲಿಸಿದರೆ 48 ಫ್ರೇಮಿಗೆ ಒಂದೇ ಚಿತ್ರ ಸಾಕು. ಆದರೆ ಹೊಡೆದ ಮೇಲೂ ಎಚ್ಚರ ಬಿಡದೆ ನಿಲ್ಲೋ ಜಾನ್‌ಶಿನ್ ಕತ್ತಿವರಸೆಯಲ್ಲೇ ಇದೆ. ಕೆಡೋದು ಬೇರೆ ಕಡೆ: ಓಡೋಕೆ ಮುಂಚೆ ಇಬ್ಬರ ನಡುವಿನ ಅಂತರ, ಕತ್ತಿ ಹಿಡಿದ ಎತ್ತರ, ಯಾರ ಯಾವ ಬದಿ ತೆರೆದಿದೆ ಅಂತ ತೋರಿಸದಿದ್ದರೆ ನೋಡುಗನಿಗೆ ಊಹಿಸೋಕೆ ಏನೂ ಇರಲ್ಲ. ಆಗ ಆ ಮೌನ ಖಾಲಿ.

ಸಹ್ಯಾದ್ರಿ: 'ಸಮುರಾಯ್ ಚಾಂಪ್ಲೂ' (2004) ಶಪಥವನ್ನೇ ತಿರುಗಿಸುತ್ತೆ. ಹುಡುಗಿ ಫೂ ಹುಡುಕುತ್ತಿರೋ ಸೂರ್ಯಕಾಂತಿ ವಾಸನೆಯ ಸಮುರಾಯ್ ಸಿಗೋವರೆಗೂ ಅವಳ ಜೊತೆಗಾರ ಕತ್ತಿವೀರರಾದ ಮುಗೆನ್, ಜಿನ್ ಒಬ್ಬರನ್ನೊಬ್ಬರು ಕೊಲ್ಲುವಂತಿಲ್ಲ. 26 ಕಂತಿಗೂ ಅಷ್ಟೇ ಬಂಡವಾಳ.

ನಡುರಾತ್ರಿ: ಅದರಲ್ಲೇ ಫೂ ಎಷ್ಟು ಸಲ ಅಪಹರಣ ಆಗ್ತಾಳೆ! ಜೊತೆಗಾರರ ಪಾತ್ರದ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಸಹ್ಯಾದ್ರಿ: ಅಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಅದಕ್ಕೇ 2019ರ 'ದೊರೋರೋ' ನೋಡಿ. ನಾಯಕ ಹ್ಯಾಕ್ಕಿಮಾರುಗೆ ಮೊದಲು ಕಣ್ಣು, ಕಿವಿ, ಮಾತು ಏನೂ ಇಲ್ಲ. ಮಗು ದೊರೋರೋನೇ ಅವನ ಪರವಾಗಿ ಮಾತಾಡಬೇಕು, ಲೋಕವನ್ನು ತೋರಿಸಬೇಕು. ಕಿವಿ ಮರಳಿದಾಗ ಸದ್ದೇ ಅವನನ್ನು ಹಿಂಡುತ್ತೆ, ಅವನ ಅಂಗಗಳನ್ನು ದೆವ್ವಗಳಿಗೆ ಕೊಟ್ಟು ನಾಡಿನ ಏಳಿಗೆ ಪಡೆದವನು ಅಪ್ಪ, ಹಾಗಾಗಿ ಅಂಗ ಮರಳಿದಂತೆಲ್ಲ ಅಪ್ಪನ ನಾಡು ಸೊರಗುತ್ತೆ. ಅಲ್ಲಿ ಮಗುವನ್ನು ತೆಗೆದುಹಾಕಿ ಕಥೆ ಹೇಳೋಕೆ ಆಗಲ್ಲ.