ಅಪ್‌ಡೇಟ್: ಪ್ಲಾನರ್ ಆಯ್ತು, ಒಂದು ಎಡವಟ್ಟಿನ ಸಮೇತ

ಅಂಗಡಿಯ ಪ್ಲಾನರ್‌ಗೆ (ವಾರದ ಕೆಲಸ ಬರೆದಿಡೋ ಡೈರಿ) 600 ರೂಪಾಯಿ ಕೊಡೋಕಾಗಲ್ಲ, 150ರೊಳಗೆ ಮನೆಯಲ್ಲೇ ಮಾಡ್ಕೊಳ್ಳೋದು ಹೇಗೆ ಅಂತ ಕೇಳಿದ್ದೆನಲ್ಲ, ಮಾಡಿಬಿಟ್ಟೆ. ಗೆರೆಯಿಲ್ಲದ 200 ಪುಟದ ನೋಟ್‌ಬುಕ್‌ಗೆ 70, ಎರಡು ಬಣ್ಣದ ಪೆನ್ನಿಗೆ 20. ಅಷ್ಟೇ ಖರ್ಚು.

ಪ್ರಿಂಟ್ ಹಾಕಿಸೋ ಆಸೆ ಬಿಟ್ಟೆ. ಪುಟಕ್ಕೆ 2 ರೂಪಾಯಿ ಅಂದ್ರೂ ನೂರು ಪುಟಕ್ಕೇ 200 ಆಗುತ್ತೆ. ನೀವು ಹೇಳಿದ ಹಾಗೆ ರಟ್ಟಿನ ಪಟ್ಟಿಯಲ್ಲಿ ಗುರುತು ಕತ್ತರಿಸಿಕೊಂಡೆ. ಪುಟದ ಅಂಚಿಗೆ ಇಟ್ಟು ನಾಲ್ಕು ಚುಕ್ಕೆ, ಆಮೇಲೆ ಸ್ಕೇಲು. ವಾರಕ್ಕೆ ಎದುರುಬದುರು ಎರಡು ಪುಟ: ಎಡಕ್ಕೆ ಸೋಮದಿಂದ ಗುರುವಾರ, ಬಲಕ್ಕೆ ಉಳಿದ ಮೂರು ದಿನ, ಮಿಕ್ಕಿದ ಚೌಕದಲ್ಲಿ ಹಾಲು-ತರಕಾರಿ ಲೆಕ್ಕ. (ಆ ಚೌಕವೇ ಮೊದಲು ತುಂಬುತ್ತೆ!)

ಎಡವಟ್ಟು ಏನಂದ್ರೆ, ವರ್ಷಕ್ಕೆ 52 ವಾರ ಅಂತ ಗೆರೆ ಎಳೆದು, ಅದರ ಮುಂದಿನ ಪುಟಗಳಲ್ಲೇ ಸಾಲದ ಕಂತಿನ ಪಟ್ಟಿ ಬರೆದಿದ್ದೆ. ದಿನಾಂಕ ತುಂಬುತ್ತಾ ಹೋದ್ರೆ ಡಿಸೆಂಬರ್ 27ಕ್ಕೇ ಜಾಗ ಖಾಲಿ. 2026 ಗುರುವಾರ ಶುರುವಾಗಿ ಗುರುವಾರವೇ ಮುಗಿಯುತ್ತೆ, ಸೋಮವಾರದಿಂದ ಎಣಿಸಿದ್ರೆ 53 ವಾರ ಬೇಕು. ಕೊನೆಯ ವಾರವನ್ನ ಬೇರೆ ಹಾಳೆಯಲ್ಲಿ ಬರೆದು ಹಿಂದಿನ ರಟ್ಟಿಗೆ ಅಂಟಿಸಿದ್ದೀನಿ.

ಹೊದಿಕೆಗೆ ಹಳೇ ಲಗ್ನಪತ್ರಿಕೆ. ಗಣೇಶನ ಚಿತ್ರ ಸರಿಯಾಗಿ ಮಧ್ಯಕ್ಕೆ ಬಂದಿದೆ.