ಹೆಗಲ ಮೇಲಿನ ಗಂಟು: ಹೆರಿಗೆಯಲ್ಲಿ ಮುರಿದಿದ್ದಾ, ಎರೆಯುವಾಗ ಮುರಿದಿದ್ದಾ?

ಗಂಗಾವತಿ ಭತ್ತದ ಕಣ
ಎಲ್ಲರಿಗೂ ನಮಸ್ಕಾರ. ತಂಗಿಗೆ ಗಂಡು ಮಗು ಆಗಿದೆ. ನಾರ್ಮಲ್ ಹೆರಿಗೆ, ಮಗುವಿನ ತೂಕ 3.9 ಕೆಜಿ. ಎರಡನೇ ವಾರದಲ್ಲಿ ಬಲಗಡೆ ಕಾಲರ್ ಬೋನ್ ಮೇಲೆ ಗಟ್ಟಿ ಗಂಟು ಕೈಗೆ ಸಿಕ್ಕಿತು. ಬೇರೆ ಕಡೆ ಎಕ್ಸ್‌ರೇ ತೆಗೆಸಿದರೆ ಎಲುಬು ಮುರಿದಿದೆ ಅಂದರು. ಹೆರಿಗೆ ಮಾಡಿಸಿದ ಆಸ್ಪತ್ರೆಗೆ ಹೋಗಿ ಕೇಳಿದೆವು. "ನಮ್ಮಲ್ಲಿ ಆಗಿದ್ದಲ್ಲ, ಮನೆಯಲ್ಲಿ ಎರೆಯುವವರು ಎಣ್ಣೆ ಹಚ್ಚಿ ಕೈ ಎಳೆದಿರಬೇಕು" ಅಂದುಬಿಟ್ಟರು. ಎರೆಯುವವರು ನಮ್ಮ ದೊಡ್ಡಮ್ಮ. ಆ ಮಾತು ಕೇಳಿದ ಮೇಲೆ ಮಗುವನ್ನು ಮುಟ್ಟಲೂ ಹೆದರುತ್ತಿದ್ದಾರೆ. ಬೀಗರ ಕಡೆಯವರು ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸೋಣ ಅಂತ ಹಟ ಹಿಡಿದಿದ್ದಾರೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ನಿಜವಾಗಿ ಯಾವಾಗ ಮುರಿದಿದ್ದು ಇದು?

ರಾಯಚೂರು ಬಿಸಿಲು
ಆಸ್ಪತ್ರೆಯದೇ ತಪ್ಪು ಅಣ್ಣ. ಅವಸರ ಮಾಡಿ ಎಳೆದಿದ್ದಾರೆ. ಈಗ ಮುದುಕಿಯ ತಲೆಗೆ ಕಟ್ಟುತ್ತಿದ್ದಾರೆ. ಕೇಸ್ ಶೀಟ್ ಕೇಳಿ ಇಸಿದುಕೊಳ್ಳಿ, ದೂರು ಕೊಡಿ. ನಾವು ಬಡವರು ಅಂತ ಎಲ್ಲವನ್ನೂ ಸಹಿಸಿಕೊಂಡೇ ಹೀಗಾಗಿದೆ.

ಹೆರಿಗೆ ವಾರ್ಡಿನ ಸಿಸ್ಟರ್
ಬಳ್ಳಾರಿ ಕಡೆ ಹೆರಿಗೆ ಕೋಣೆಯಲ್ಲೇ ನನ್ನ ನೌಕರಿ ಮುಗಿದಿದೆ, ಈಗ ನಿವೃತ್ತಿ. ಸ್ವಲ್ಪ ಸಮಾಧಾನದಿಂದ ಓದಿ.

ಹೆರಿಗೆಯಲ್ಲಿ ಮಗುವಿಗೆ ಮುರಿಯುವ ಎಲುಬುಗಳಲ್ಲಿ ಕಾಲರ್ ಬೋನೇ ಮೊದಲು. ತಲೆ ಹೊರಗೆ ಬಂದಮೇಲೆ ಭುಜ ತಾಯಿಯ ಮುಂದಿನ ಎಲುಬಿಗೆ ಸಿಕ್ಕಿಕೊಳ್ಳುವುದುಂಟು. ದೊಡ್ಡ ಮಗು, ಇಲ್ಲವೇ ಉಪಕರಣದಿಂದ ತಲೆ ಹಿಡಿದು ಎಳೆಯುವ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹೆರಿಗೆ ಆದರೆ ಜಾಸ್ತಿ. ಯಾವ ತೊಂದರೆಯೂ ಇಲ್ಲದ ಹೆರಿಗೆಯಲ್ಲೂ, ಯಾರೂ ಎಳೆಯದೆಯೂ, ಇದು ಮುರಿಯುತ್ತದೆ. ಭುಜ ಸಿಕ್ಕಿಕೊಂಡಾಗ ತಾಯಿಯ ಎರಡೂ ಕಾಲನ್ನು ಹೊಟ್ಟೆಯ ಕಡೆಗೆ ಮಡಚಿ ಹಿಡಿಯುತ್ತೇವೆ, ಕಿಬ್ಬೊಟ್ಟೆಯ ಮೇಲೆ ಒತ್ತುತ್ತೇವೆ. ಕೈಯಲ್ಲಿ ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಮಗು ಹೊರಗೆ ಬರದಿದ್ದರೆ ಮಿದುಳಿಗೆ ಪೆಟ್ಟು, ಇಲ್ಲವೇ ಜೀವಕ್ಕೇ ಅಪಾಯ. ಏನೂ ದಾರಿ ಕಾಣದಿದ್ದಾಗ ಡಾಕ್ಟರು ಬೇಕಂತಲೇ ಆ ಎಲುಬು ಮುರಿದು ಮಗುವನ್ನು ಉಳಿಸುವ ವಿಧಾನವೂ ಪುಸ್ತಕದಲ್ಲಿದೆ. ಹಾಗಾಗಿ ಮುರಿದಿದೆ ಅಂದ ಮಾತ್ರಕ್ಕೆ ತಪ್ಪು ಮಾಡಿದ್ದಾರೆ ಅನ್ನಲು ಆಗುವುದಿಲ್ಲ.

ರಾಯಚೂರು ಬಿಸಿಲು
ಸಿಸ್ಟರ್, ಜೀವ ಉಳಿಸಲು ಮುರಿದರೆ ಕಾಲಿಗೆ ಬೀಳುತ್ತೇನೆ. ನನ್ನ ಪ್ರಶ್ನೆ ಅದಲ್ಲ. ಮುರಿದಿದೆ ಅಂತ ಮನೆಯವರಿಗೆ ಯಾಕೆ ಹೇಳಲಿಲ್ಲ? ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದು ಸಾಲು ಇರಬಾರದಾ?

ಮಾನ್ವಿ ಮನೆಮಾತು
ನಮ್ಮ ಅತ್ತೆಯವರೂ ಊರಲ್ಲಿ ಎಷ್ಟೋ ಮಕ್ಕಳಿಗೆ ಎರೆದವರು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ, ಕೈ ಕಾಲು ಅಡ್ಡ ಮಡಚಿ ನೀವುತ್ತಾರೆ. ಅದರಲ್ಲಿ ಎಲುಬು ಮುರಿಯುವಷ್ಟು ಬಲ ಎಲ್ಲಿದೆ? ಏನಾದರೂ ಆದಕೂಡಲೇ ಮನೆಯ ಹಿರಿಯ ಹೆಂಗಸಿನ ಕಡೆ ಬೆರಳು ತೋರಿಸುವುದು ಸುಲಭ. ಇನ್ನೊಂದು ಅನುಮಾನ ನನಗೆ. ನಮ್ಮ ರಾಯಚೂರು, ಕೊಪ್ಪಳದ ನೀರಲ್ಲಿ ಫ್ಲೋರೈಡ್ ಇದೆ ಅಲ್ವಾ? ಅದರಿಂದ ಎಲುಬು ಹೀಗೆ ಆಗಿರಬಹುದಾ? ಕಟ್ಟಿನ ಬಗ್ಗೆ ಹೇಳುವುದಾದರೆ, ನಮ್ಮ ಮೈದುನನ ಕೈ ಕಟ್ಟಿನಿಂದಲೇ ಕೂಡಿಕೊಂಡಿತು.

ಎಲುಬು ವಾರ್ಡ್ ಪಿಜಿ
ಬಳ್ಳಾರಿಯಲ್ಲಿ ಆರ್ಥೋ ಓದುತ್ತಿದ್ದೇನೆ. ಈ ಕೇಸಿನಲ್ಲಿ ಯಾರ ಮಾತು ನಂಬಬೇಕು ಅಂತ ಜಗಳ ಬೇಡ. ಎಕ್ಸ್‌ರೇನೇ ಹೇಳುತ್ತದೆ.

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅದರ ಸುತ್ತ ಎಳೆ ಎಲುಬು ಬೆಳೆಯುತ್ತದೆ. ಅದಕ್ಕೆ ಕ್ಯಾಲಸ್ ಅಂತಾರೆ. ನಿಮ್ಮ ಕೈಗೆ ಸಿಕ್ಕಿದ ಗಂಟು ಅದೇ. ಹಸುಗೂಸಿನಲ್ಲಿ ಇದು ಮೊದಲ ವಾರ ಕಳೆಯುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಕಾಣಲು ಶುರುವಾಗುತ್ತದೆ. ಎರಡನೇ ವಾರದ ಫಿಲ್ಮಿನಲ್ಲಿ ಒಳ್ಳೆ ದಪ್ಪ ಕ್ಯಾಲಸ್ ಇದ್ದರೆ ಅದು ಹೆರಿಗೆಯ ಹೊತ್ತಿಗೇ ಮುರಿದಿದ್ದು. ನಿನ್ನೆ ಮೊನ್ನೆ ಎರೆಯುವಾಗ ಮುರಿದಿದ್ದರೆ ಕ್ಯಾಲಸ್ ಇರಲು ಸಾಧ್ಯವೇ ಇಲ್ಲ. ಅದೇ ರೀತಿ, ಎರಡು ವಾರ ದಾಟಿದ ಮಗುವಿನ ಫಿಲ್ಮಿನಲ್ಲಿ ಮುರಿತ ಇದ್ದು ಕ್ಯಾಲಸ್ ಇಲ್ಲದಿದ್ದರೆ ಅದು ಹೆರಿಗೆಯದ್ದಲ್ಲ ಅಂತ ನಾವು ಯೋಚಿಸಬೇಕಾಗುತ್ತದೆ. ಅಣ್ಣ, ಫಿಲ್ಮಿನ ಮೇಲಿನ ತಾರೀಖು ನೋಡಿ, ರಿಪೋರ್ಟಿನಲ್ಲಿ ಕ್ಯಾಲಸ್ ಅಂತ ಬರೆದಿದೆಯಾ ನೋಡಿ.

ಫ್ಲೋರೈಡಿನ ಪ್ರಶ್ನೆಗೆ: ಅದು ವರ್ಷಗಟ್ಟಲೆ ಕುಡಿದ ನೀರಿನಿಂದ ಎಲುಬಿನಲ್ಲಿ ತುಂಬಿಕೊಳ್ಳುವ ತೊಂದರೆ. ಈ ಮಗುವಿಗೂ ಅದಕ್ಕೂ ಸಂಬಂಧ ಇಲ್ಲ.

ಕಟ್ಟು ಮಾತ್ರ ದಯವಿಟ್ಟು ಬೇಡ. ಪುತ್ತೂರಿನದಾಗಲಿ, ನಮ್ಮ ಊರಿನದಾಗಲಿ. ಹಸುಗೂಸಿನ ಎದೆ ಸುತ್ತ ಬಿಗಿದರೆ ಉಸಿರಾಟಕ್ಕೇ ತೊಂದರೆ. ಕಂಕುಳಲ್ಲಿ ಚರ್ಮ ಸುಲಿಯುತ್ತದೆ. ಈ ಎಲುಬಿಗೆ ನಾವೂ ಏನೂ ಕಟ್ಟುವುದಿಲ್ಲ. ಆ ಕಡೆಯ ತೋಳನ್ನು ಮೊಣಕೈ ಮಡಚಿ, ಅಂಗಿಯ ತೋಳನ್ನು ಎದೆಯ ಬಟ್ಟೆಗೆ ಪಿನ್ ಹಾಕಿದರೆ ಸಾಕು. ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಗಂಟು ತಿಂಗಳುಗಳಲ್ಲಿ ತಾನೇ ಕರಗಿ ಎಲುಬು ಮೊದಲಿನ ಆಕಾರಕ್ಕೆ ಬರುತ್ತದೆ.

ಹೆರಿಗೆ ವಾರ್ಡಿನ ಸಿಸ್ಟರ್
ಡಾಕ್ಟರು ಹೇಳಿದ್ದಕ್ಕೆ ಕೆಲಸದ ಮಾತು ಸೇರಿಸುತ್ತೇನೆ. ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತಬೇಡಿ. ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ ಇಟ್ಟು ಎತ್ತಿ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಆ ಭುಜ ಕೆಳಗೆ ಬರುವಂತೆ ಮಲಗಿಸಿ ಹಾಲು ಕುಡಿಸಬೇಡಿ. ದೊಡ್ಡಮ್ಮನೇ ಎರೆಯಲಿ, ಬೆಚ್ಚಗಿನ ನೀರು ಹಾಕಲಿ. ಆ ಕೈ ಹಿಡಿದು ನೀವುವುದು, ಎಳೆಯುವುದು ಮಾತ್ರ ಈಗ ಬೇಡ.

ರಾಯಚೂರಿನ ತಮ್ಮಾ, ನಿನ್ನ ಪ್ರಶ್ನೆಗೆ ಬರುತ್ತೇನೆ. ಎಷ್ಟೋ ಸಲ ಮೊದಲ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಮಗು ಸ್ವಲ್ಪ ಕೈ ಆಡಿಸುತ್ತಿರುತ್ತದೆ, ಬಾವು ಇರುವುದಿಲ್ಲ. ಬೆಚ್ಚಿಬಿದ್ದಾಗ ಎರಡೂ ಕೈ ಸಮನಾಗಿ ಹರಡುತ್ತವಾ ಅಂತ ನೋಡುತ್ತೇವೆ, ಎಲುಬಿನ ಮೇಲೆ ಬೆರಳು ಓಡಿಸಿ ಕರಕರ ಅನ್ನುತ್ತದಾ ಅಂತ ನೋಡುತ್ತೇವೆ. ಆದರೂ ತಪ್ಪಿಹೋಗುತ್ತದೆ. ಗಂಟು ಬಂದಮೇಲೆ ಅಮ್ಮಂದಿರೇ ಕಂಡುಹಿಡಿದು ತರುತ್ತಾರೆ.

ರಾಯಚೂರು ಬಿಸಿಲು
ಗೊತ್ತಾಗಲಿಲ್ಲ ಅಂದರೆ ಒಪ್ಪುತ್ತೇನೆ. "ನಮ್ಮಲ್ಲಿ ಆಗಿಲ್ಲ, ನಿಮ್ಮ ಮುದುಕಿ ಮುರಿದಳು" ಅಂದಿದ್ದು? ಅದನ್ನು ಹೇಗೆ ಒಪ್ಪಲಿ?

ಸಿರುಗುಪ್ಪ ಸವಾರ
ಡಾಕ್ಟ್ರೇ, ತಾನೇ ಕೂಡುತ್ತದೆ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಾನು ಬೈಕಿಂದ ಬಿದ್ದು ಇದೇ ಎಲುಬು ಮುರಿದುಕೊಂಡೆ. ಒಬ್ಬರು ಕೈಯನ್ನು ಕುತ್ತಿಗೆಗೆ ತೂಗುಹಾಕುವ ಸ್ಲಿಂಗ್ ಕೊಟ್ಟು ತಾನೇ ಕೂಡುತ್ತದೆ ಅಂತ ಕಳಿಸಿದರು. ಅರ್ಧ ವರ್ಷ ದಾಟಿದೆ. ಇನ್ನೂ ಒಳಗೆ ಕಟಕಟ ಅನ್ನುತ್ತದೆ, ಚೀಲ ಎತ್ತಲು ಆಗುವುದಿಲ್ಲ. ಭತ್ತದ ಸುಗ್ಗಿ ಹಾಗೇ ಹೋಯಿತು. ಈ ಮಗುವಿಗೂ ಹಾಗೇ ಆದರೆ?

ಎಲುಬು ವಾರ್ಡ್ ಪಿಜಿ
ಸವಾರಣ್ಣ, ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ಮಗುವಿನ ಎಲುಬಿನ ಲೆಕ್ಕ ಬೇರೆ, ನಿಮ್ಮದು ಬೇರೆ. ಹೊಟ್ಟೆಯೊಳಗಿನ ಕೂಸಿನಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ಶುರುವಾಗುವ ಎಲುಬು ಇದು. ಹಸುಗೂಸಿನಲ್ಲಿ ಅದರ ಮೇಲಿನ ಪೊರೆ ದಪ್ಪ, ರಕ್ತ ಓಡಾಟ ಜೋರು. ಹಸಿ ಕಡ್ಡಿ ಮುರಿದರೂ ಸಿಪ್ಪೆ ಹಿಡಿದುಕೊಂಡಿರುವ ಹಾಗೆ ತುದಿಗಳು ದೂರ ಹೋಗುವುದಿಲ್ಲ. ದೊಡ್ಡವರಲ್ಲಿ ಬಹುತೇಕ ನಡುಭಾಗ ಮುರಿಯುತ್ತದೆ. ಒಳಗಿನ ತುಂಡನ್ನು ಕುತ್ತಿಗೆಯ ಸ್ನಾಯು ಮೇಲಕ್ಕೆ ಎಳೆಯುತ್ತದೆ, ಹೊರಗಿನ ತುಂಡನ್ನು ಕೈಯ ಭಾರ ಕೆಳಕ್ಕೆ ಜಗ್ಗುತ್ತದೆ. ನಡುವೆ ಸಂದು ಬೀಳುತ್ತದೆ.

ಇದರ ಹಿಂದೆ ಒಂದು ಹಳೇ ಕಥೆ ಇದೆ. 1960ರಲ್ಲಿ ಅಮೆರಿಕದ ಡಾಕ್ಟರ್ ಚಾರ್ಲ್ಸ್ ನೀರ್ ಅವರು ಆಪರೇಷನ್ ಇಲ್ಲದೆ ನೋಡಿಕೊಂಡ 2235 ಮಂದಿಯಲ್ಲಿ 3 ಜನಕ್ಕೆ ಮಾತ್ರ ಕೂಡಲಿಲ್ಲ ಅಂತ ಬರೆದರು. ಅಲ್ಲಿಂದ ಎಷ್ಟೋ ವರ್ಷ ಎಲ್ಲರಿಗೂ ಸ್ಲಿಂಗ್ ಸಾಕು ಅನ್ನುವುದೇ ನಿಯಮವಾಯಿತು. ಅಂಥ ಹಳೇ ಲೆಕ್ಕಗಳಲ್ಲಿ ಮಕ್ಕಳೂ ಸೇರಿದ್ದರು, ತುದಿ ಜಾಸ್ತಿ ಸರಿಯದ ಮುರಿತಗಳೂ ಸೇರಿದ್ದವು. 2007ರಲ್ಲಿ ಕೆನಡಾದ ಡಾಕ್ಟರುಗಳು ಪೂರ್ತಿ ಸರಿದ ಮುರಿತ ಇರುವ 132 ದೊಡ್ಡವರನ್ನೇ ತೆಗೆದುಕೊಂಡು ಎರಡು ಗುಂಪು ಮಾಡಿದರು. ಕೊನೆಯವರೆಗೂ ಬಂದವರಲ್ಲಿ ಆಪರೇಷನ್ ಮಾಡಿ ಲೋಹದ ಪ್ಲೇಟ್ ಹಾಕಿದ 62 ಜನರಲ್ಲಿ 2 ಮಂದಿಗೆ, ಸ್ಲಿಂಗ್ ಹಾಕಿದ 49 ಜನರಲ್ಲಿ 7 ಮಂದಿಗೆ ಎಲುಬು ಕೂಡಿರಲಿಲ್ಲ. ಅಂದರೆ ಸ್ಲಿಂಗ್ ಹಾಕಿದ ಹೆಚ್ಚಿನವರಿಗೆ ಕೂಡಿತು. ಆದರೆ ಕೂಡದೆ ಉಳಿದವರು ಮರೆತುಬಿಡುವಷ್ಟು ಕಡಿಮೆ ಇರಲಿಲ್ಲ.

ಆರು ತಿಂಗಳು ದಾಟಿ ನೋವು, ಕಟಕಟ ಇದ್ದರೆ ಅದನ್ನು ನಾನ್‌ಯೂನಿಯನ್, ಅಂದರೆ ಎಲುಬು ಕೂಡದೆ ಉಳಿದಿದೆ, ಅಂತಲೇ ತಿಳಿದು ನೋಡಬೇಕು. ತುಂಡುಗಳು ಒಂದರ ಮೇಲೊಂದು ಹತ್ತಿ ಎಲುಬು 2 ಸೆಂಟಿಮೀಟರಿಗಿಂತ ಜಾಸ್ತಿ ಗಿಡ್ಡ ಆಗಿದ್ದರೆ, ಚೂರುಚೂರಾಗಿದ್ದರೆ, ವಯಸ್ಸಾಗಿದ್ದರೆ ಈ ಅಪಾಯ ಹೆಚ್ಚು. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ನೀವು ಸೇದುತ್ತೀರಾ?

ಸಿರುಗುಪ್ಪ ಸವಾರ
ಸೇದುತ್ತೇನೆ. ಬಿಡಿ ಅಂತ ಯಾರೂ ಹೇಳಿರಲಿಲ್ಲ. ಎರಡೂ ಭುಜ ಸುತ್ತಿ ಬೆನ್ನಿಗೆ ಬಿಗಿಯುವ ಎಂಟರ ಆಕಾರದ ಬೆಲ್ಟ್ ಹಾಕಿದ್ದರೆ ಕೂಡುತ್ತಿತ್ತು ಅಂತ ನಮ್ಮ ಓಣಿಯವರು ಅಂತಾರೆ.

ಎಲುಬು ವಾರ್ಡ್ ಪಿಜಿ
ಬೆಲ್ಟಿನ ಕೊರಗು ಬಿಡಿ. 1987ರಲ್ಲೇ ಡೆನ್ಮಾರ್ಕಿನಲ್ಲಿ ಸ್ಲಿಂಗ್, ಬೆಲ್ಟ್ ಎರಡನ್ನೂ ಹೋಲಿಸಿ ನೋಡಿದ್ದಾರೆ. ಎಲುಬು ಕೂಡುವುದರಲ್ಲಿ ವ್ಯತ್ಯಾಸ ಇರಲಿಲ್ಲ, ಬೆಲ್ಟ್ ಹಾಕಿದವರಿಗೆ ಹಿಂಸೆ ಜಾಸ್ತಿ ಆಯಿತು. ನೀವು ಈಗ ಮಾಡಬೇಕಾಗಿದ್ದು ಬೇರೆ. ಹೊಸ ಎಕ್ಸ್‌ರೇ, ಬೇಕಾದರೆ ಸಿ.ಟಿ. ಕೂಡಿಲ್ಲ ಅಂತ ಖಾತ್ರಿಯಾದರೆ ಪ್ಲೇಟ್ ಹಾಕುತ್ತಾರೆ. ಎಲುಬಿನ ತುದಿಗಳು ಒಣಗಿ ಸವೆದಿದ್ದರೆ ಸೊಂಟದ ಎಲುಬಿನಿಂದ ಸ್ವಲ್ಪ ತೆಗೆದು ತುಂಬುತ್ತಾರೆ. ಆಪರೇಷನ್ನಿಗೂ ತೊಂದರೆಗಳಿವೆ. ಗಾಯದ ಕೆಳಗೆ ಎದೆಯ ಮೇಲೆ ಜೋಮು, ಸೋಂಕು, ಚರ್ಮದ ಕೆಳಗೆ ಪ್ಲೇಟ್ ಒತ್ತುವುದು. ಎಲ್ಲವನ್ನೂ ಕೇಳಿಯೇ ಸಹಿ ಮಾಡಿ. ಬೀಡಿಯನ್ನು ಇವತ್ತೇ ಬಿಡಿ, ಆಪರೇಷನ್ ಆಗುವ ಮೊದಲೇ.

ಮಾನ್ವಿ ಮನೆಮಾತು
ಹಾಗಾದರೆ ಮಕ್ಕಳಲ್ಲಿ ಕೂಡದೆ ಇರುವುದು ಇಲ್ಲವೇ ಇಲ್ಲ ಅಂತೀರಾ? ನಮ್ಮ ಸಂಬಂಧಿಕರ ಮಗುವಿಗೆ ಬಲಗಡೆಯೇ ಗಂಟು, ಎರಡು ವರ್ಷವಾದರೂ ಹೋಗಿಲ್ಲ. ಅಳುವುದಿಲ್ಲ, ಕೈ ಚೆನ್ನಾಗಿ ಆಡಿಸುತ್ತದೆ.

ಎಲುಬು ವಾರ್ಡ್ ಪಿಜಿ
ಒಳ್ಳೆ ಪ್ರಶ್ನೆ ಅಕ್ಕ. ಅದು ಮುರಿತವೇ ಅಲ್ಲದಿರಬಹುದು. ಹುಟ್ಟುವಾಗಲೇ ಆ ಎಲುಬಿನ ಎರಡು ಅರ್ಧ ಸೇರದೆ ಉಳಿಯುವುದುಂಟು, ಸೂಡಾರ್ಥ್ರೋಸಿಸ್ ಅಂತಾರೆ. ತೀರಾ ಅಪರೂಪ. ವಿಚಿತ್ರ ಏನೆಂದರೆ ಹೆಚ್ಚೂಕಡಿಮೆ ಯಾವಾಗಲೂ ಬಲಗಡೆಯೇ. ಎಡಗಡೆ ಕಂಡರೆ ಹೃದಯವೇ ಬಲಕ್ಕೆ ಇದೆಯಾ ಅಂತ ನೋಡುತ್ತಾರೆ. ಬಲಗಡೆ ತೋಳಿನ ದೊಡ್ಡ ರಕ್ತನಾಳ ಸ್ವಲ್ಪ ಎತ್ತರದಲ್ಲಿ ಹಾದುಹೋಗಿ, ಬೆಳೆಯುವ ಎಲುಬನ್ನು ತಟ್ಟುತ್ತಾ ಇರುವುದೇ ಕಾರಣ ಇರಬಹುದು ಅನ್ನುವ ಊಹೆ ಇದೆ. ನೋವಿಲ್ಲ, ಎಕ್ಸ್‌ರೇಯಲ್ಲಿ ತುದಿಗಳು ನುಣ್ಣಗೆ ದುಂಡಗಿರುತ್ತವೆ, ಕ್ಯಾಲಸ್ ಇರುವುದಿಲ್ಲ. ಅದು ತಾನೇ ಕೂಡುವುದಿಲ್ಲ. ಎಷ್ಟೋ ಮಕ್ಕಳಿಗೆ ತೊಂದರೆಯೂ ಕೊಡುವುದಿಲ್ಲ. ಬೇಕಾದರೆ ಶಾಲೆ ಸೇರುವ ವಯಸ್ಸಿನ ಆಸುಪಾಸಿನಲ್ಲಿ ಆಪರೇಷನ್. ಒಮ್ಮೆ ತೋರಿಸಿ.

ಗಂಗಾವತಿ ಭತ್ತದ ಕಣ
ಫಿಲ್ಮ್ ನೋಡಿದೆ. ಎರಡನೇ ವಾರದ ಕೊನೆಯ ತಾರೀಖು. ರಿಪೋರ್ಟಿನಲ್ಲಿ ಮುರಿತದ ಸುತ್ತ ಚೆನ್ನಾಗಿ ಬೆಳೆದ ಕ್ಯಾಲಸ್ ಅಂತ ಬರೆದಿದೆ. ಮೊಣಕೈ ಮಡಚುತ್ತದೆ, ಬೆರಳು ಹಿಡಿಯುತ್ತದೆ.

ಎಲುಬು ವಾರ್ಡ್ ಪಿಜಿ
ಹಾಗಾದರೆ ಹೆರಿಗೆಯ ಹೊತ್ತಿನದು. ದೊಡ್ಡಮ್ಮನಿಗೆ ಈ ಸಾಲನ್ನು ಓದಿ ಹೇಳಿ. ಮಗುವಿನ ಭುಜದಿಂದ ಬೆರಳಿನವರೆಗೆ ಚಲನೆಯನ್ನು ಒಬ್ಬ ಮಕ್ಕಳ ಡಾಕ್ಟರು ಒಮ್ಮೆ ನೋಡಲಿ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳಿಗೂ ಇದೇ ಹೊತ್ತಿನಲ್ಲಿ ಪೆಟ್ಟಾಗಬಹುದು. ಎಲುಬಿಗಿಂತ ನಾವು ಹೆದರುವುದು ಅದಕ್ಕೇ. ಮೂರು ತಿಂಗಳಾದರೂ ಮೊಣಕೈ ಮಡಚದ ಮಗುವನ್ನು ನರದ ತಜ್ಞರಿಗೆ ಕಳಿಸಲೇಬೇಕು. ನಿಮ್ಮ ಮಗು ಮಡಚುತ್ತಿದೆ, ಅದು ಒಳ್ಳೆ ಸುದ್ದಿ.

ರಾಯಚೂರು ಬಿಸಿಲು
ಈಗಲಾದರೂ ದೂರು ಕೊಡುತ್ತೀರಾ ಅಣ್ಣ?

ಹೆರಿಗೆ ವಾರ್ಡಿನ ಸಿಸ್ಟರ್
ಮುರಿದಿದ್ದಕ್ಕೆ ದೂರು ಬೇಡ ಅನ್ನುವುದೇ ನನ್ನ ಮಾತು. 3.9 ಕೆಜಿ ಮಗು ಚೆನ್ನಾಗಿ ಉಸಿರಾಡುತ್ತಾ ಮನೆಗೆ ಬಂದಿದೆ. ಆದರೆ ಮನೆಯವರ ಮೇಲೆ ಹಾಕಿದ ಮಾತು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ.

ಗಂಗಾವತಿ ಭತ್ತದ ಕಣ
ದುಡ್ಡು ಬೇಡ, ಕೇಸೂ ಬೇಡ. ಫಿಲ್ಮ್ ತೆಗೆದುಕೊಂಡು ಹೋಗಿ, ಹೆರಿಗೆಯ ದಾಖಲೆಯಲ್ಲಿ ಈ ಮುರಿತವನ್ನು ಬರೆದು ಕೊಡಿ ಅಂತ ಅರ್ಜಿ ಕೊಡುತ್ತೇನೆ. ಮುಂದಿನ ಹೆರಿಗೆಗೆ ಹೋದಾಗ ಡಾಕ್ಟರಿಗೆ ತೋರಿಸಲು ತಂಗಿಗೆ ಅದು ಬೇಕು.

ಹೆರಿಗೆ ವಾರ್ಡಿನ ಸಿಸ್ಟರ್
ಸರಿಯಾಗಿ ಹೇಳಿದೆ. ಭುಜ ಸಿಕ್ಕಿಕೊಂಡಿತ್ತಾ ಅಂತಲೂ ಬರೆಸಿಕೋ. ಒಮ್ಮೆ ಹಾಗಾಗಿದ್ದರೆ ಮುಂದಿನ ಸಲವೂ ಆಗುವ ಸಂಭವ ಜಾಸ್ತಿ. ತಂಗಿಗೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಬಸುರಿಯಲ್ಲಿ ಸಕ್ಕರೆ ಏರಿದರೂ ಮಗು ದಪ್ಪ ಆಗುತ್ತದೆ.

ರಾಯಚೂರು ಬಿಸಿಲು
ಅರ್ಜಿಯ ಒಂದು ಪ್ರತಿಗೆ ಅವರ ಸೀಲ್, ತಾರೀಖು ಹಾಕಿಸಿಕೊಳ್ಳಿ ಅಣ್ಣ. ಬಾಯಿಮಾತಿನಲ್ಲಿ ಬಿಡಬೇಡಿ. ಬರೆದು ಕೊಡಲ್ಲ ಅಂದರೆ ಇಲ್ಲಿ ತಿಳಿಸಿ, ನಾನೇ ನಿಮ್ಮ ಜೊತೆ ಬರುತ್ತೇನೆ.